ಎರೆಯ ನಾಡಿನ ಹಿಂಗಾರಿ ಹಿತ್ತಲು

ಭಾದ್ರಪದದ ಮೋಡಗಳು ಚದುರುವ ಹೊತ್ತಿಗೆ ವಿಜಯಪುರ ಜಿಲ್ಲೆಯ ಎರೆಯ ನಾಡನ್ನು ನೋಡಬೇಕು. ಬೇಸಿಗೆಯಲ್ಲಿ ಬಾಯಿಬಿಟ್ಟಿದ್ದ ಕಪ್ಪು ನೆಲ ಈಗ ನೀರುಂಡು ಬಿರುಕು ಮುಚ್ಚಿಕೊಂಡಿರುತ್ತದೆ. ವರ್ಷದ ಮಳೆಯೆಲ್ಲ ಸೇರಿದರೂ ಸುಮಾರು 600 ಮಿಲಿಮೀಟರು. ಅದರಲ್ಲಿ ಸೆಪ್ಟೆಂಬರ್ ತಿಂಗಳದೇ ದೊಡ್ಡ ಪಾಲು. ಆದುದರಿಂದ ಇಲ್ಲಿ ಮುಂಗಾರಿಗಿಂತ ಹಿಂಗಾರಿಯ ಮೇಲೆಯೇ ಜನರ ಭರವಸೆ. ಹೊಲಕ್ಕೆ ಬಿಳಿಜೋಳ, ಕಡಲೆ, ಕುಸುಬೆ ಬೀಳುವ ದಿನಗಳಲ್ಲಿಯೇ ಹಿತ್ತಲಲ್ಲಿ ಕಾಯಿಪಲ್ಲೆಯ ಮಡಿಗಳೂ ಏಳುತ್ತವೆ.

ಈ ಹಿತ್ತಲು ಮೊದಲಾಗುವುದು ಬೀಜದಿಂದಲ್ಲ, ಹದದಿಂದ. ಹಸಿಯಾದ ಎರೆಮಣ್ಣು ಬರಿಯ ಅಂಟು, ಒಣಗಿದರೆ ಕಲ್ಲು. ಇವೆರಡರ ನಡುವೆ ದೊರೆಯುವುದು ಕೆಲವೇ ದಿನ. ಹಿಡಿಮಣ್ಣನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಕಿದೊಡನೆ ಪುಡಿಯಾಗಬೇಕು. ಹಸ್ತಾ, ಚಿತ್ತಾ ಮಳೆಗಳ ಬಿಡುವಿನಲ್ಲಿ ಬರುವ ಆ ಹದ ತಪ್ಪಿದರೆ ಚಳಿಗಾಲವೆಲ್ಲ ಸಂತೆಯ ಪಲ್ಲೆಯೇ ಗತಿ.

ಇಂಡಿ ನಿಂಬೆಯ ಸೀಮೆ. ಬಾವಿಯ ನೀರನ್ನು ಅಳೆದು ಉಣಿಸಿ ಗಿಡ ಸಾಕಿದ ಈ ಜನಕ್ಕೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭೀಮೆಯ ದಡದ ಸಿಂದಗಿಯ ಕಡೆಗೆ ನಡೆದರೆ ಕಡಲೆಯ ಹೊಲವೇ ಪಲ್ಲೆಯ ತೋಟ. ಎಳೆಯ ಕುಡಿಯನ್ನು ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಹುಳಿಯಾದ ಆ ಕುಡಿ ರೊಟ್ಟಿಯ ಜೊತೆಗಾಗುತ್ತದೆ. ಬಿತ್ತಿದವನಿಗೂ ಲಾಭ, ಉಂಡವನಿಗೂ ಲಾಭ!

ತೆಂಕಣಕ್ಕೆ, ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ, ಡೋಣಿ ಎದುರಾಗುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬುದು ಗಾದೆ. ಆದರೆ ಈ ಹೊಳೆಯ ನೀರು ಉಪ್ಪು. ಸವುಳು ನೆಲದಲ್ಲಿ ಏರುಮಡಿ ಮಾಡಿದಾಗ ಉಪ್ಪು ಏರಿನ ನೆತ್ತಿಗೆ ಬಂದು ನಿಲ್ಲುತ್ತದೆ. ಅದಕ್ಕಾಗಿ ಸಸಿಯನ್ನು ನೆತ್ತಿಯಲ್ಲಿ ನೆಡದೆ ಇಳಿಜಾರಿನಲ್ಲಿ ನೆಡುವುದು ಲೇಸು.

ಮುದ್ದೇಬಿಹಾಳದ ತೆಂಕಣ ಅಂಚಿಗೆ ಕೃಷ್ಣೆ ಹರಿಯುತ್ತಾಳೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಇಂದು ಕಾಲುವೆಯ ನೀರು ಅನೇಕ ಹೊಲಗಳನ್ನು ಮುಟ್ಟಿದೆ. ನೀರು ಬಂತೆಂದು ಹದವನ್ನು ಮರೆಯಬಹುದೆ? ಬಸಿಯದ ಎರೆಗೆ ಮಿತಿಮೀರಿ ಹಾಯಿಸಿದರೆ ಬೇರು ಕೊಳೆಯುತ್ತದೆ, ನೆಲ ಜವುಳಾಗುತ್ತದೆ. ಬರದಂತೆಯೇ ಅತಿಯೂ ಶತ್ರು.

ಎರೆನೆಲದ ಹಿತ್ತಲುಳ್ಳ ಪಟ್ಟಣದ ಗೃಹಿಣಿಯರಿಗೂ ಈ ಅನುಭವ ಉಪಯುಕ್ತ. ಬದನೆ, ಉಳ್ಳಾಗಡ್ಡಿಗಳ ಅಗಿಯನ್ನು ಮೊದಲೇ ಬೆಳೆಸಿಟ್ಟುಕೊಳ್ಳಬೇಕು. ಮಡಿಯನ್ನು ಗೇಣುದ್ದ ಎತ್ತರಿಸಿ, ಕಳಿತ ಗೊಬ್ಬರವನ್ನೂ ತುಸು ಮರಳನ್ನೂ ಬೆರೆಸಿದರೆ ಗಜ್ಜರಿ, ಮೂಲಂಗಿಗಳು ಸೊಟ್ಟಗಾಗದೆ ಇಳಿಯುತ್ತವೆ. ಕೊತ್ತಂಬರಿಯ ಕಾಳನ್ನು ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೆಂತೆ ತಿಂಗಳೊಳಗೆ ಕೈಗೆ ಬರುತ್ತದೆ. ಸಾಲುಗಳ ನಡುವೆ ಒಣ ಹುಲ್ಲು ಹರಡಿದರೆ ತೇವ ಆರದು, ನೆಲ ಬಿರಿಯದು.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಸಜ್ಜೆರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲವೂ ಆ ಬುತ್ತಿಯಲ್ಲಿರುತ್ತವೆ. ಆದರೆ ಮೊದಲ ತುತ್ತು ಉಣ್ಣುವವರದಲ್ಲ. ಚರಗವೆಂದು ಹೊಲದ ನಾಲ್ಕೂ ಕಡೆಗೆ ಚೆಲ್ಲಿ ಭೂತಾಯಿಗೆ ಉಣಿಸಿದ ಮೇಲೆಯೇ ಮನೆಯವರ ಊಟ. ತನ್ನ ಹದವನ್ನು ಕಾದವರಿಗೆ ಕೊಟ್ಟ ನೆಲಕ್ಕೆ ಸಲ್ಲತಕ್ಕ ಮರ್ಯಾದೆಯೇ ಅದು.