ಮೊಮ್ಮಗ ಆರಿಸಿದ ಒಲೆ

ಅಮೆರಿಕದ ಆರೆಗಾನ್‌ನಲ್ಲಿರುವ ಮಗನ ಮನೆಗೆ ಹೋದಾಗ, ಹಿತ್ತಲ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಪೆಟ್ಟಿಗೆಯೊಂದು ಕಂಡಿತು. ‘ಹೊಗೆಯಲ್ಲಿ ಬೇಯಿಸುವ ಪೆಲೆಟ್ ಗ್ರಿಲ್ ಅಪ್ಪಾ. ಅಗ್ಗವೆಂದು ತಂದೆ. ಎರಡೇ ವರ್ಷಕ್ಕೆ ಕೈಕೊಟ್ಟಿತು, ಬಿಡಿಭಾಗವೂ ಸಿಗಲಿಲ್ಲ’ ಎಂದ ಮಗ.

ಹೊಸದನ್ನು ಕೊಳ್ಳಲು ಹೊರಟವನು ಕಾಲೇಜು ಓದುವ ಮೊಮ್ಮಗ. ಬೇಸಿಗೆ ರಜೆಯಲ್ಲಿ ತಾನೇ ದುಡಿದ ಹಣ. ‘ದಂಡ’ ಎಂದು ಮಗ ಗೊಣಗಿದ. ‘ಅವನ ಹಣ, ಅವನೇ ಆರಿಸಲಿ ಬಿಡು’ ಎಂದೆ.

ಅಂಗಡಿಯಲ್ಲಿ ಮೊಮ್ಮಗನೇ ನನಗೆ ಮೇಷ್ಟ್ರು. ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳೇ ಇದರ ಸೌದೆ. ತಿರುಪೊಂದು ಅವನ್ನು ಬೆಂಕಿಯ ಬಟ್ಟಲಿಗೆ ನೂಕುತ್ತದೆ, ಫ್ಯಾನು ಗಾಳಿ ಹಾಕುತ್ತದೆ. ನಮ್ಮೂರಲ್ಲಿ ಬಚ್ಚಲೊಲೆಗೆ ಸೌದೆ ನೂಕಿ, ಊದುಗೊಳವೆ ಊದುತ್ತಿದ್ದ ಅಮ್ಮನ ಕೆಲಸವೇ! ಇದು ಹುಟ್ಟಿದ್ದೂ 1980ರ ದಶಕದಲ್ಲಿ, ಇದೇ ಆರೆಗಾನ್‌ನ ಮೌಂಟ್ ಏಂಜೆಲ್ ಊರಿನಲ್ಲಂತೆ.

ಹುಡುಗ ಮುಚ್ಚಳದ ಹೊಳಪಿಗೆ ಮರುಳಾಗಲಿಲ್ಲ. ತಗಡು ದಪ್ಪಗಿದೆಯೇ? ಬೂದಿ ತೆಗೆಯುವುದು ಸುಲಭವೇ? 107 ಡಿಗ್ರಿ ಸೆಲ್ಸಿಯಸ್‌ನ ಮಂದ ಶಾಖ ಗಂಟೆಗಟ್ಟಲೆ ನಿಲ್ಲುತ್ತದೆಯೇ? ತಿರುಪಿನ ಮೋಟಾರು ಬಿಡಿಯಾಗಿ ಸಿಗುತ್ತದೆಯೇ? ಕೇಳಿ ಕೇಳಿ, ನಡುಬೆಲೆಯದೊಂದನ್ನು ಕೊಂಡ.

ಆ ಭಾನುವಾರ ಅವರಿಗೆ ಸಾಲ್ಮನ್ ಮೀನು, ನನಗೆ ಮುಸುಕಿನ ಜೋಳ. ಸಂಜೆ ಮಳೆ ಹನಿಯಿತು. ಒಲೆ ಆರಿದ ಮೇಲೆ ಮೊಮ್ಮಗ ಉಳಿದ ಗುಳಿಗೆಗಳನ್ನೆಲ್ಲ ತೋಡಿ ಒಳಗಿಟ್ಟ. ‘ನೆನೆದರೆ ಉಬ್ಬಿ ತಿರುಪು ಕಚ್ಚಿಕೊಳ್ಳುತ್ತೆ ತಾತ’ ಎಂದ.

ಮಗ ಮೆಲ್ಲಗೆ ಹೇಳಿದ: ‘ನಾನು ಮಳೆಯಲ್ಲೇ ಬಿಡುತ್ತಿದ್ದೆ ಅಪ್ಪಾ.’