ಗಾಜಿಗೆ ಮುಪ್ಪಿಲ್ಲ

ಮಸೂರದ ದೂರದರ್ಶಕದಲ್ಲಿ ಇರುವ ಸಾಮಾನು ಬಹಳ ಕಡಿಮೆ. ಒಂದು ಉದ್ದನೆಯ ಕೊಳವೆ, ಅದರ ಮುಂದಿನ ತುದಿಯಲ್ಲಿ ಬೆಳಕನ್ನು ಕೂಡಿಸುವ ವಸ್ತುಮಸೂರ, ಹಿಂದಿನ ತುದಿಯಲ್ಲಿ ಬಿಂಬವನ್ನು ಹಿಗ್ಗಿಸಿ ತೋರಿಸುವ ನೇತ್ರಮಸೂರ, ಎರಡರ ನಡುವಿನ ದೂರವನ್ನು ಸರಿಹೊಂದಿಸುವ ಫೋಕಸರ್, ಇಷ್ಟನ್ನೂ ಅಲುಗದಂತೆ ಹೊರುವ ಮುಕ್ಕಾಲಿ. ವರ್ಷ ಕಳೆದಂತೆ ಕೊಳವೆಗೆ ತುಕ್ಕು ಹಿಡಿಯುತ್ತದೆ, ಗ್ರೀಸ್ ಗಟ್ಟಿಯಾಗುತ್ತದೆ, ಮರದ ಕಾಲುಗಳು ಸಡಿಲವಾಗುತ್ತವೆ. ಮುಂದಿನ ಗಾಜು ಮಾತ್ರ, ಜೋಪಾನವಾಗಿದ್ದರೆ, ಎರಡು ಮೂರು ತಲೆಮಾರು ಕಳೆದರೂ ಮೊದಲ ದಿನದಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಹಳೆಯ ದೂರದರ್ಶಕದ ರಿಪೇರಿಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಗಾಜನ್ನು ಕಾಪಾಡಿಕೊಳ್ಳಬೇಕು, ಉಳಿದುದನ್ನು ಬದಲಿಸಬಹುದು.

ಈ ಮಾತಿಗೆ ದಕ್ಷಿಣ ಭಾರತದಲ್ಲೇ ದೊಡ್ಡ ಸಾಕ್ಷಿಯಿದೆ. ಪ್ಯಾರಿಸ್ಸಿನ ಲೆರೆಬೂರ್ ಮತ್ತು ಸೆಕ್ರೆಟಾನ್ ಎಂಬ ತಯಾರಕರ 15 ಸೆಂಟಿಮೀಟರ್ ದೂರದರ್ಶಕವೊಂದು 1850ರಲ್ಲಿ ಮದ್ರಾಸಿನ ವೀಕ್ಷಣಾಲಯಕ್ಕೆ ಸೇರಿತು. ಸುಮಾರು ಅರ್ಧ ಶತಮಾನ ದುಡಿದ ಮೇಲೂ ಅದನ್ನು ಮೂಲೆಗೆ ತಳ್ಳಲಿಲ್ಲ. 1898ರಲ್ಲಿ ಡಬ್ಲಿನ್ನಿನ ದೂರದರ್ಶಕ ತಯಾರಕ ಗ್ರಬ್ ಅದಕ್ಕೆ ಹೊಸ ರೂಪ ಕೊಟ್ಟು, ಸೂರ್ಯನ ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ಹೊಂದಿಸಿದರು. ಮರುವರ್ಷ ಆರಂಭವಾದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಅದು ನೆಲೆ ಕಂಡಿತು. ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿರುವ ಆ ವೀಕ್ಷಣಾಲಯದಲ್ಲಿ ಸೂರ್ಯನ ಚಿತ್ರಗಳ ಸಂಗ್ರಹ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬೆಳೆದು ಬಂದಿದೆ. ಹಳೆಯದನ್ನು ಅಂದು ಗುಜರಿಗೆ ಹಾಕಿದ್ದರೆ ಈ ಸರಣಿಗೆ ಒಂದು ಆಧಾರವೇ ತಪ್ಪುತ್ತಿತ್ತು.

ಹವ್ಯಾಸಿಗಳ ಕೈಗೆ ಬರುವ ಹಳೆಯ ದೂರದರ್ಶಕ ಇಷ್ಟು ದೊಡ್ಡದಲ್ಲ. ಸಾಮಾನ್ಯವಾಗಿ ಅದರ ವಸ್ತುಮಸೂರ 60 ಮಿಲಿಮೀಟರ್ ಅಗಲ, ಸಂಗಮದೂರ, ಎಂದರೆ ಮಸೂರದಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ, 700ರಿಂದ 900 ಮಿಲಿಮೀಟರ್. ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆ ಸುಮಾರು 6 ಮಿಲಿಮೀಟರ್ ಇರುತ್ತದೆ. ಅಗಲ ಹತ್ತು ಪಟ್ಟಾದುದರಿಂದ ಆ ಪುಟ್ಟ ಮಸೂರವೂ ಬರಿಗಣ್ಣಿನ ನೂರು ಪಟ್ಟು ಬೆಳಕನ್ನು ಕೂಡಿಸುತ್ತದೆ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು, ಶನಿಯ ಬಳೆ, ಮಹಾವ್ಯಾಧನ ನೀಹಾರಿಕೆ ಎಲ್ಲವೂ ಅದರ ಅಳವಿಗೆ ಸಿಗುತ್ತವೆ.

ರಿಪೇರಿಗೆ ಕುಳಿತವರು ಮೊದಲು ನೋಡಬೇಕಾದದ್ದು ಈ ಮಸೂರವನ್ನೇ. ಹೊರಗೆ ಒಂದೇ ಗಾಜಿನಂತೆ ಕಂಡರೂ ಅಲ್ಲಿರುವುದು ಎರಡು ಗಾಜು. ಒಂದೇ ಮಸೂರ ಬಳಸಿದರೆ ಕೆಂಪು, ನೀಲಿ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಸಂಗಮಿಸಿ ಬಿಂಬದ ಸುತ್ತ ಬಣ್ಣದ ಅಂಚು ಮೂಡುತ್ತದೆ. ಇದೇ ವರ್ಣವಿಪಥನ. ಕ್ರೌನ್ ಗಾಜಿನ ಉಬ್ಬು ಮಸೂರವನ್ನೂ ಫ್ಲಿಂಟ್ ಗಾಜಿನ ತಗ್ಗು ಮಸೂರವನ್ನೂ ಜೋಡಿಸಿದರೆ ಈ ದೋಷ ಬಹುಮಟ್ಟಿಗೆ ಅಡಗುತ್ತದೆ. 1758ರಲ್ಲಿ ಲಂಡನ್ನಿನ ಜಾನ್ ಡಾಲಂಡ್ ಇದಕ್ಕೆ ಪೇಟೆಂಟ್ ಪಡೆದ. ಇಂದಿನ ಚಿಕ್ಕ ದೂರದರ್ಶಕವೂ ಅದೇ ಜೋಡಿಯನ್ನು ಹೊತ್ತಿದೆ.

ಜೋಡಿಯನ್ನು ಬಿಚ್ಚದೆ ಕೆಲಸ ಸಾಗುವುದಾದರೆ ಬಿಚ್ಚಬಾರದು. ನಾಲ್ಕು ಧೂಳಿನ ಕಣ ಕೂತ ಮಾತ್ರಕ್ಕೆ ಬಿಂಬ ಕೆಡುವುದಿಲ್ಲ. ತಪ್ಪಾಗಿ ಒರೆಸಿದ ಗೀರು ಮಾತ್ರ ಶಾಶ್ವತ. ಹೊರಮೈಯ ಧೂಳನ್ನು ರಬ್ಬರ್ ಬಲ್ಬಿನಿಂದ ಊದಿ, ಮೆತ್ತನೆಯ ಕುಂಚದಿಂದ ತೆಗೆಯಬೇಕು. ಪಂಚೆಯ ಅಂಚು, ಟವೆಲ್, ಬಾಯಿಯ ಉಸಿರು ಇವು ಯಾವುವೂ ಕೂಡದು. ಜಿಡ್ಡಿನ ಕಲೆ ಉಳಿದರೆ ಶುದ್ಧೀಕರಿಸಿದ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಅದರಲ್ಲಿ ಹತ್ತಿಯನ್ನು ನೆನೆಸಿ, ನಡುವಿನಿಂದ ಅಂಚಿಗೆ ಭಾರ ಹಾಕದೆ ಎಳೆಯಬೇಕು. ಒಮ್ಮೆ ಎಳೆದ ಹತ್ತಿಯನ್ನು ಮತ್ತೆ ಬಳಸಬಾರದು.

ಬಿಚ್ಚಲೇಬೇಕಾದ ಸಂದರ್ಭ ಒಂದಿದೆ, ಎರಡು ಗಾಜುಗಳ ನಡುವೆ ಬೂಷ್ಟು ಬಂದಾಗ. ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಪಿರಿಯಾಪಟ್ಟಣದ ಮಳೆಯ ಕಡೆಯಲ್ಲಿ, ಕೃಷ್ಣರಾಜನಗರದ ನಾಲೆ ಬಯಲಿನ ಗದ್ದೆಗಳ ನಡುವೆ ಗಾಳಿಯಲ್ಲೇ ತೇವವಿರುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಮಸೂರದ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು ಹಬ್ಬುತ್ತವೆ. ಬೂಷ್ಟು ಹೊರಡಿಸುವ ಆಮ್ಲ ಮೊದಲು ಗಾಜಿನ ಮೇಲಿನ ಲೇಪವನ್ನೂ ಆಮೇಲೆ ಗಾಜನ್ನೂ ತಿನ್ನುವುದರಿಂದ ತಡ ಮಾಡುವಂತಿಲ್ಲ. ಬಿಚ್ಚುವ ಮೊದಲು ಎರಡೂ ಗಾಜಿನ ಪಕ್ಕಕ್ಕೆ ಅಡ್ಡಲಾಗಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯಬೇಕು. ಯಾವ ಗಾಜು ಮುಂದೆ, ಯಾವ ಮುಖ ಹೊರಗೆ, ಯಾವ ಕೋನದಲ್ಲಿ ಕೂತಿತ್ತು ಎಂಬುದಕ್ಕೆ ಆ ಗೆರೆಯೇ ಸಾಕ್ಷಿ. ನಡುವೆ ಅಂಚಿನಲ್ಲಿ ಮೂರು ಕಡೆ ಕಾಗದದಷ್ಟು ತೆಳ್ಳನೆಯ ತಗಡಿನ ಚೂರುಗಳಿದ್ದರೆ ಅವೂ ಅದೇ ಜಾಗಕ್ಕೆ ಮರಳಬೇಕು. ಅಂಟಿಸಿದ ಜೋಡಿಯಾಗಿದ್ದರೆ ಅದನ್ನು ಬಿಡಿಸುವ ಸಾಹಸ ಮನೆಯಲ್ಲಿ ಬೇಡ. ಮತ್ತೆ ಕೂರಿಸಿದ ಮೇಲೆ ಹಿಡಿಯುವ ಬಳೆಯನ್ನು ಬಿಗಿಯಾಗಿ ತಿರುಗಿಸಬಾರದು. ಗಾಜು ಅಲುಗದಷ್ಟಿದ್ದರೆ ಸಾಕು. ಬಿಗಿ ಹೆಚ್ಚಾದರೆ ಗಾಜು ಬಾಗಿ ನಕ್ಷತ್ರ ಮೂರು ಮೂಲೆಯ ಚುಕ್ಕೆಯಾಗಿ ಕಾಣುತ್ತದೆ.

ಜೋಡಣೆ ಸರಿಯಾಗಿದೆಯೇ ಎಂಬುದನ್ನು ನಕ್ಷತ್ರವೇ ಹೇಳುತ್ತದೆ. ಪ್ರಕಾಶಮಾನವಾದ ನಕ್ಷತ್ರವೊಂದನ್ನು ಫೋಕಸ್ ತುಸು ತಪ್ಪಿಸಿ ನೋಡಿದಾಗ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ಅವೆಲ್ಲ ಒಂದೇ ಕೇಂದ್ರದ ಸುತ್ತ ಇದ್ದರೆ ಮಸೂರ ನೆಟ್ಟಗಿದೆ. ಒಂದು ಕಡೆಗೆ ಜರುಗಿದ್ದರೆ ಮಸೂರದ ಚೌಕಟ್ಟು ಅಥವಾ ಫೋಕಸರ್ ವಾಲಿದೆ.

ಮುಂದಿನ ಕೆಲಸ ಫೋಕಸರಿನದು. ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತೆಗೆದು, ಹಲ್ಲುಪಟ್ಟಿಗೆ ಹೊಸ ಗ್ರೀಸನ್ನು ತೆಳ್ಳಗೆ ಸವರಬೇಕು. ಈ ಕೆಲಸವನ್ನು ಮಸೂರ ಬಿಚ್ಚಿ ಬೇರೆ ಇಟ್ಟ ಮೇಲೆಯೇ ಮಾಡಬೇಕು. ಒಳಕೊಳವೆ ಜೋತುಬೀಳುತ್ತಿದ್ದರೆ ಅದರ ದಾರಿಯಲ್ಲಿ ಟೆಫ್ಲಾನ್ ಟೇಪಿನ ಸಣ್ಣ ಪಟ್ಟಿ ಅಂಟಿಸಿದರೆ ಸಡಿಲು ಹೋಗುತ್ತದೆ. ಕೊಳವೆಯ ಒಳಗೆ ಕಪ್ಪು ಬಣ್ಣ ಎದ್ದಿದ್ದರೆ ಹೊಳಪಿಲ್ಲದ ಕಪ್ಪನ್ನೇ ಬಳಿಯಬೇಕು. ಒಳಗೋಡೆಯಿಂದ ಚಿಮ್ಮುವ ಬೆಳಕು ನಿಂತರೆ ಚಂದ್ರನ ಪಕ್ಕದ ಆಕಾಶ ಬೂದಿ ಬಣ್ಣ ಬಿಟ್ಟು ಕಪ್ಪಾಗುತ್ತದೆ.

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ನೇತ್ರಮಸೂರದ್ದು. ಹಳೆಯ ದೂರದರ್ಶಕಗಳಲ್ಲಿ ಅದರ ಅಳತೆ 0.965 ಅಂಗುಲ, ಇಂದಿನ ರೂಢಿ 1.25 ಅಂಗುಲ. ಎರಡನ್ನೂ ಜೋಡಿಸುವ ಲೋಹದ ಉಂಗುರ ಸಿದ್ಧವಾಗಿ ಸಿಗದಿದ್ದರೆ ಲೇತ್ ಇರುವ ಯಾವ ಅಂಗಡಿಯಲ್ಲಾದರೂ ಕಡೆಸಬಹುದು. ಪಂಪುಗಳ ರಿಪೇರಿ ನಡೆಯುವ ನೀರಾವರಿ ಊರುಗಳಲ್ಲಿ ಅಂಥ ಕೆಲಸಗಾರರಿಗೆ ಕೊರತೆಯಿಲ್ಲ. ವರ್ಧನೆಯ ಲೆಕ್ಕ ಸುಲಭ. ವಸ್ತುಮಸೂರದ ಸಂಗಮದೂರವನ್ನು ನೇತ್ರಮಸೂರದ ಸಂಗಮದೂರದಿಂದ ಭಾಗಿಸಬೇಕು. 900 ಮಿಲಿಮೀಟರ್ ದೂರದರ್ಶಕಕ್ಕೆ 25 ಮಿಲಿಮೀಟರ್ ನೇತ್ರಮಸೂರ ಹಾಕಿದರೆ 36 ಪಟ್ಟು, 12.5 ಹಾಕಿದರೆ 72 ಪಟ್ಟು. 60 ಮಿಲಿಮೀಟರ್ ಮಸೂರ ಸುಮಾರು 120 ಪಟ್ಟಿನವರೆಗೆ ಸ್ಪಷ್ಟವಾಗಿ ತೋರಿಸುತ್ತದೆ. ಅದರಾಚೆ ಬಿಂಬ ದೊಡ್ಡದಾಗುತ್ತದೆ, ವಿವರ ಹೆಚ್ಚುವುದಿಲ್ಲ. ಪ್ಲಾಸಲ್ ಮಾದರಿಯ ಒಳ್ಳೆಯ ನೇತ್ರಮಸೂರಗಳು ಎರಡಿದ್ದರೆ ಸಾಕು.

ಮುಕ್ಕಾಲಿ ನಡುಗಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಮರದ ಕಾಲುಗಳ ನಟ್ಟು ಬೋಲ್ಟು ಬದಲಿಸಿ, ಬಿರುಕು ಬಿಟ್ಟ ಕಾಲಿಗೆ ಬಡಗಿಯಿಂದ ಹೊಸ ಮರ ಹಾಕಿಸಬಹುದು. ಮೈಸೂರು ಸೀಮೆಯಂಥ ದಕ್ಷಿಣದ ಊರುಗಳಿಗೆ ವಿಶೇಷವಾದ ತೊಡಕು ಬೇರೊಂದಿದೆ. ನಕ್ಷತ್ರಗಳ ಚಲನೆಯನ್ನು ಹಿಂಬಾಲಿಸುವ ಸ್ಟ್ಯಾಂಡಿನ ಅಕ್ಷವನ್ನು ಊರಿನ ಅಕ್ಷಾಂಶದಷ್ಟೇ ಎತ್ತರಿಸಿ ಧ್ರುವದ ಕಡೆಗೆ ತಿರುಗಿಸಬೇಕು. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ನಾಲ್ಕೂ 12 ಡಿಗ್ರಿ ದಾಟಿ ಸ್ವಲ್ಪವೇ ಉತ್ತರಕ್ಕಿವೆ. ಇಲ್ಲಿ ಧ್ರುವ ನಕ್ಷತ್ರದ ಎತ್ತರ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು. ತೆಂಗಿನ ತೋಟ ಅಡ್ಡ ಬಂದರೆ ಅದು ಕಾಣುವುದೇ ಇಲ್ಲ. ಜಪಾನ್, ಯೂರೋಪಿನಂಥ ಉತ್ತರದ ನಾಡುಗಳಿಗೆಂದು ಮಾಡಿದ ಎಷ್ಟೋ ಸ್ಟ್ಯಾಂಡುಗಳು ಇಷ್ಟು ಕೆಳಗೆ ಬಾಗುವುದಿಲ್ಲ. ತಲೆಯ ಕೆಳಗೆ ಓರೆಯಾಗಿ ಕೊಯ್ದ ಮರದ ದಿಮ್ಮಿ ಇಟ್ಟು ಬಾಗಿಸುವುದು ಒಂದು ದಾರಿ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗುವ ಸರಳ ಸ್ಟ್ಯಾಂಡಿಗೆ ಬದಲಾಯಿಸುವುದು ಇನ್ನೊಂದು ದಾರಿ. ಹೊಸಬರಿಗೆ ಎರಡನೆಯದೇ ಹಿತ.

ಉತ್ತರದಲ್ಲಿ ಕಳೆದುಕೊಂಡದ್ದನ್ನು ಈ ಅಕ್ಷಾಂಶ ದಕ್ಷಿಣದಲ್ಲಿ ತುಂಬಿಕೊಡುತ್ತದೆ. ಅಗಸ್ತ್ಯ ನಕ್ಷತ್ರ ಚೆನ್ನಾಗಿ ಮೇಲೇರುತ್ತದೆ, ಬೇಸಿಗೆಯ ರಾತ್ರಿಗಳಲ್ಲಿ ತ್ರಿಶಂಕು ಕಾಣುತ್ತದೆ, ಅದರ ಪಕ್ಕದಲ್ಲಿ ಆಲ್ಫಾ ಸೆಂಟಾರಿ. ಆ ನಕ್ಷತ್ರ ಒಂದಲ್ಲ, ಜೋಡಿ ಎಂಬುದನ್ನು 1689ರಲ್ಲಿ ಪುದುಚೇರಿಯಿಂದ ಕಂಡವನು ಪಾದ್ರಿ ರಿಶೊ. ಅವನ ಕೈಯಲ್ಲಿದ್ದದ್ದೂ ಮಸೂರದ ದೂರದರ್ಶಕವೇ. ರಿಪೇರಿಯಾದ 60 ಮಿಲಿಮೀಟರ್ ಕೊಳವೆ ಅದೇ ಜೋಡಿಯನ್ನು ಬಿಡಿಸಿ ತೋರಿಸಬಲ್ಲದು. ಮೈಸೂರಿನಲ್ಲಿದ್ದ ಜಿ.ಟಿ. ನಾರಾಯಣರಾವ್ ಅವರು ನಕ್ಷತ್ರ ವೀಕ್ಷಣೆಯ ಬಗ್ಗೆ ಕನ್ನಡದಲ್ಲೇ ಬರೆದಿದ್ದಾರೆ. ಆಕಾಶದ ದಾರಿ ತಿಳಿಯಲು ಕನ್ನಡಿಗರು ಬೇರೆ ಭಾಷೆಗೆ ಕಾಯಬೇಕಿಲ್ಲ.

ಸೂರ್ಯನ ವಿಷಯದಲ್ಲಿ ಮಾತ್ರ ಹಳೆಯದನ್ನು ಉಳಿಸಿಕೊಳ್ಳುವಂತಿಲ್ಲ. ಕೃಷ್ಣರಾಜನಗರದ ಹಿಂದಿನ ಹೆಸರು ಎಡತೊರೆ, ಅಲ್ಲಿ ಕಾವೇರಿಯ ದಡದಲ್ಲಿರುವ ದೇವರು ಅರ್ಕೇಶ್ವರ. ಅರ್ಕ ಎಂದರೆ ಸೂರ್ಯ. ಅವನನ್ನು ದೂರದರ್ಶಕದಲ್ಲಿ ನೋಡುವ ಆಸೆ ಸಹಜ. ಹಳೆಯ ಪೆಟ್ಟಿಗೆಗಳಲ್ಲಿ ನೇತ್ರಮಸೂರಕ್ಕೆ ತಿರುಗಿಸಿ ಹಾಕುವ ಕಪ್ಪು ಗಾಜಿನ ಸನ್ ಫಿಲ್ಟರ್ ಇರುತ್ತದೆ. ಕೂಡಿದ ಬಿಸಿಲಿನ ಕಾವಿಗೆ ಆ ಗಾಜು ನೋಡುತ್ತಿರುವಾಗಲೇ ಸಿಡಿಯಬಹುದು, ಕಣ್ಣು ಹೋಗಬಹುದು. ಅದನ್ನು ಒಡೆದು ಎಸೆಯಬೇಕು. ಫಿಲ್ಟರ್ ಇರಬೇಕಾದದ್ದು ಕೊಳವೆಯ ಮುಂದಿನ ತುದಿಯಲ್ಲಿ. ಅದಿಲ್ಲದಿದ್ದರೆ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಸೌರಕಲೆಗಳನ್ನು ನೋಡಬಹುದು. ಈ ಕೆಲಸಕ್ಕೆ ಅಂಟಿಲ್ಲದ ಹಳೆಯ ಹೈಗೆನ್ಸ್ ನೇತ್ರಮಸೂರವೇ ಹೊಸದಕ್ಕಿಂತ ಸೂಕ್ತ. ಆಗಲೂ ದಾರಿ ತೋರುವ ಚಿಕ್ಕ ಕೊಳವೆಯನ್ನು ಮುಚ್ಚಿಡಬೇಕು, ಮಕ್ಕಳ ಬಳಿ ದೂರದರ್ಶಕವನ್ನು ಬಿಟ್ಟು ಹೋಗಬಾರದು.

ರಿಪೇರಿಯಾದ ಮೇಲೆ ಜೋಪಾನವೇ ಮುಖ್ಯ. ಬಳಸಿದ ರಾತ್ರಿ ಮಸೂರದ ಮೇಲೆ ಇಬ್ಬನಿ ಕೂತಿದ್ದರೆ ಒಣಗುವವರೆಗೆ ಮುಚ್ಚಳ ಹಾಕಬಾರದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಮಳೆಗಾಲದಲ್ಲಿ ಆಗಾಗ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಎಲ್ಲಕ್ಕಿಂತ ದೊಡ್ಡ ರಕ್ಷಣೆ ಬಳಕೆ. ಆಗಾಗ ಗಾಳಿ ಕಂಡ ಮಸೂರಕ್ಕೆ ಬೂಷ್ಟು ಬರುವುದು ಕಡಿಮೆ.

ಅಟ್ಟದ ಮೇಲೋ ಶಾಲೆಯ ಬೀರುವಿನಲ್ಲೋ ಇಂಥ ಕೊಳವೆಯೊಂದು ಬಿದ್ದಿದ್ದರೆ, ಗುಜರಿಯವರಿಗೆ ಕೊಡುವ ಮೊದಲು ಮುಂದಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಗಾಜು ಸರಿಯಿದ್ದರೆ ದೂರದರ್ಶಕ ಸರಿಯಿದೆ.