ಐಹೊಳೆ

ಬಾದಾಮಿಯಿಂದ ಪಟ್ಟದಕಲ್ಲನ್ನು ದಾಟಿ ಬರುವ ಪ್ರವಾಸಿಗನಿಗೆ ಐಹೊಳೆಯು ಮೊದಲ ನೋಟಕ್ಕೆ ಒಂದು ಸಾಮಾನ್ಯ ಹಳ್ಳಿಯಾಗಿಯೇ ಕಾಣುತ್ತದೆ. ಜೋಳದ ಹೊಲಗಳು, ಕೆಂಪು ಕಲ್ಲಿನ ಗುಡ್ಡಗಳು, ಒತ್ತೊತ್ತಾದ ಮನೆಗಳು. ನಾಲ್ಕು ಹೆಜ್ಜೆ ನಡೆದೊಡನೆ ಓಣಿಯ ತಿರುವಿನಲ್ಲಿ ಸಾವಿರದ ಮುನ್ನೂರು ವರ್ಷಗಳಷ್ಟು ಹಳೆಯದಾದ ದೇವಾಲಯವೊಂದು ಎದುರಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿಗೆ ಸೇರಿದ ಈ ಪುಟ್ಟ ಊರಿನ ಒಳಗೂ ಹೊರಗೂ ನೂರಕ್ಕೂ ಹೆಚ್ಚು ಗುಡಿಗಳಿವೆ.

ಇಷ್ಟು ಗುಡಿಗಳು ಇಲ್ಲಿಯೇ ಏಕೆ ಎದ್ದವು ಎಂಬುದಕ್ಕೆ ಒಂದು ಉತ್ತರವನ್ನು ನೆಲವೇ ಕೊಡುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮೊದಲು ಈ ಊರಿನ ಬಳಿ ಹರಿಯುತ್ತದೆ. ಸುತ್ತಲಿನ ಮರಳುಗಲ್ಲಿನ ಬೆಟ್ಟಗಳು ಪದರಪದರವಾಗಿ ಒಡೆಯುವಂಥವು, ಉಳಿಗೆ ಬಗ್ಗುವಂಥವು. ನೀರು, ಕಲ್ಲು ಎರಡೂ ಕೈಗೆಟುಕುವಲ್ಲಿ ಚಾಲುಕ್ಯರ ಶಿಲ್ಪಿಗಳು ನೆಲೆ ನಿಂತರು. ಆದರೆ ಜನರ ಕಥೆಯೇ ಬೇರೆ. ಪರಶುರಾಮನು ಕೊಡಲಿಯನ್ನು ತೊಳೆದಾಗ ನೀರು ಕೆಂಪಾಯಿತಂತೆ, ಅದನ್ನು ಕಂಡ ಹೆಂಗಸೊಬ್ಬಳು "ಅಯ್ಯೋ ಹೊಳೆ!" ಎಂದು ಕೂಗಿದಳಂತೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ, ಆರ್ಯಪುರ. ಈ ಹೆಸರನ್ನು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘದ ಕೀರ್ತಿಯು ಕಡಲನ್ನೂ ದಾಟಿತು. ಸುಮಾತ್ರಾ ದ್ವೀಪದ ಬರೂಸಿನಲ್ಲಿ ದೊರೆತ 1088ರ ತಮಿಳು ಶಾಸನವು ಐನೂರ್ವರನ್ನು ಸ್ಮರಿಸುತ್ತದೆ.

ಊರಿಗೆ ಎತ್ತರದಲ್ಲಿರುವುದು ಮೇಗುಟಿ, ಎಂದರೆ ಮೇಲಿನ ಗುಡಿ. ಈ ಜೈನ ದೇವಾಲಯವನ್ನು ಕಟ್ಟಿಸಿದ ಕವಿ ರವಿಕೀರ್ತಿಯು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ಇಲ್ಲಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಂಸ್ಕೃತದಲ್ಲಿ ಕೆತ್ತಿಸಿದನು. ಹರ್ಷನ ಸೋಲು ಅದರಲ್ಲಿದೆ. ಕಾಳಿದಾಸ, ಭಾರವಿಯರಿಗೆ ತಾನು ಸಮನೆಂದು ಕವಿ ಹೇಳಿಕೊಂಡುದರಿಂದ, ಆ ಮಹಾಕವಿಗಳ ಕಾಲವನ್ನು ನಿರ್ಣಯಿಸಲು ವಿದ್ವಾಂಸರಿಗೊಂದು ಆಧಾರವೂ ದೊರೆಯಿತು.

ಗುಡ್ಡದ ಮೇಲೆ ಅರಸನ ಹೆಸರು ಉಳಿದರೆ, ಕೆಳಗೆ ಉಳಿದುದು ಬಾಳಿದವರ ಹೆಸರು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ—ಇವು ದೇವರ ಹೆಸರುಗಳಲ್ಲ. ಶಿವಾಲಯವೊಂದು ಲಾಡಖಾನನ ಗುಡಿಯೆನಿಸಿದುದು, ಆ ಹೆಸರಿನವನು ಅದರಲ್ಲಿ ವಾಸವಾಗಿದ್ದುದರಿಂದ. ಆನೆಯ ಬೆನ್ನಿನಂತೆ ಹಿಂಭಾಗ ದುಂಡಾದ 'ದುರ್ಗದ ಗುಡಿ'ಗೂ ದುರ್ಗಾದೇವಿಗೂ ಸಂಬಂಧವಿಲ್ಲ; ಅದಕ್ಕೆ ಹೊಂದಿಕೊಂಡಿದ್ದ ಕೋಟೆಯಿಂದ, ಎಂದರೆ ದುರ್ಗದಿಂದ, ಆ ಹೆಸರು ಬಂದಿತು. ಪೂಜೆ ನಿಂತ ಮೇಲೆ ಗುಡಿಗಳು ಮನೆಗಳಾದವು, ದನದ ಕೊಟ್ಟಿಗೆಗಳಾದವು. ಹೊಗೆಯಿಂದ ಶಿಲ್ಪಗಳು ಕಪ್ಪಾದುದು ನಿಜ. ಬಳಕೆಯಲ್ಲಿದ್ದ ಸೂರು ಮನುಷ್ಯನ ಕಣ್ಣಳತೆಯಲ್ಲಿಯೇ ಉಳಿಯಿತೆಂಬುದೂ ನಿಜ.

ಈಗ ಪ್ರಾಚ್ಯವಸ್ತು ಇಲಾಖೆಯು ಗುಡಿಗಳನ್ನು ತೆರವುಗೊಳಿಸಿ, ಬೇಲಿ ಹಾಕಿ, ಹಸಿರು ಹುಲ್ಲು ಬೆಳೆಸಿದೆ. ಆದರೂ ಹಲವು ಗುಡಿಗಳ ಗೋಡೆಗೆ ಮನೆಗಳ ಗೋಡೆ ತಾಗಿಕೊಂಡೇ ಇದೆ. ಸ್ಮಾರಕದ ಸಮೀಪ ಹೊಸದಾಗಿ ಕಟ್ಟುವುದನ್ನು ಕಾನೂನು ತಡೆಯುತ್ತದೆ. ಮನೆ ಬೆಳೆಯಬೇಕಾದಾಗ ಬಡವನು ಎಲ್ಲಿಗೆ ಹೋಗಬೇಕು? 2019ರ ಆಗಸ್ಟ್‌ನಲ್ಲಿ ಮಲಪ್ರಭೆಯು ಉಕ್ಕಿ ಬಂದಾಗ ನೀರು ಗುಡಿಯೆಂದಾಗಲಿ ಮನೆಯೆಂದಾಗಲಿ ಭೇದವೆಣಿಸಲಿಲ್ಲ. ಊರನ್ನು ಬೇರೆಡೆಗೆ ಸಾಗಿಸಬೇಕೆಂಬ ಮಾತು ಬಹುಕಾಲದಿಂದ ನಡೆದಿದೆ. ಕಲ್ಲನ್ನು ಕಾಪಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ತಲೆತಲಾಂತರದಿಂದ ಅಲ್ಲಿಯೇ ಒಲೆ ಹೊತ್ತಿಸಿದವರಿಗೆ ನ್ಯಾಯವಾದ ನೆಲೆ ದೊರೆಯಬೇಕೆಂಬುದೂ ಅಷ್ಟೇ ಸತ್ಯ.

ಅವರು ಹೋದ ಮೇಲೆಯೂ ಗುಡಿಗಳು ನಿಲ್ಲುತ್ತವೆ. ಆಗಲೂ ಅವುಗಳನ್ನು ಗೌಡರ, ಬಡಿಗೇರ, ಅಂಬಿಗೇರ ಹೆಸರಿನಿಂದಲೇ ಕರೆಯಬೇಕಾಗುತ್ತದೆ.